ಬಟ್ಟಲಿನ ಕಿವಿಗಳು

ಇವತ್ತೂ ಸುಮ್ಮನೆ ತಲೆಯಾಡಿಸಿ ಬಂದುಬಿಟ್ಟರೆ ಹೇಗೆ ಎಂಬ ಅಳುಕು ಸಿಂಗಪುರದ ಬುಕಿತ್ ಬಾಟೋಕ್‌ನ ಬಸ್ಸಿನಲ್ಲೇ ಅರುಂಧತಿಗೆ ಶುರುವಾಗಿತ್ತು. ಕಾರ್ಖಾನೆ ಸೇರಿದಾಗಿನಿಂದ ಮೇಲಧಿಕಾರಿ ದ್ವಾರಕನಾಥರೆದುರು ಅವಳು ಎದುರಾಡಿದ್ದೇ ಇಲ್ಲ. ವಾದವೆಲ್ಲ ಬಾಡಿಗೆ ಕೋಣೆಯಲ್ಲಿ, ಕನ್ನಡಿಯ ಮುಂದೆ.

ಲ್ಯಾಬಿನ ಮೇಜಿನ ಮೇಲೆ ಅಲ್ಯೂಮಿನಿಯಂ ಹಾಳೆಯನ್ನು ಒತ್ತಿ ಮಾಡಿದ ಪುಟ್ಟ ಬಟ್ಟಲಿತ್ತು. ಅದರ ಅಂಚು ನಾಲ್ಕು ಕಡೆ ಕಿವಿಯಂತೆ ಮೇಲೆದ್ದಿತ್ತು. ಡಬ್ಬಿ ಮಾಡುವ ಗಿರಾಕಿಗಳು ಇಂಥ ಹಾಳೆಯನ್ನು ಮುಟ್ಟುವುದಿಲ್ಲ.

"ನೋಡಮ್ಮ, ಮತ್ತೆ ಕಿವಿ! ಇದನ್ನ ನೋಡಿ ನೋಡಿ ನನ್ ಕಿವೀನೇ ನೋಯ್ತಿದೆ," ಎಂದರು ದ್ವಾರಕನಾಥ್. "ರೋಲಿಂಗ್ ಜಾಸ್ತಿಯಾಗಿದೆ, ಅಷ್ಟೇ. ಉಳಿದ ಕಾಯಿಲ್‌ಗಳಿಗೆ ಫರ್ನೇಸ್ ಹೀಟ್ ಏರಿಸೋಕೆ ಹೇಳ್ತೀನಿ."

ಅವರು ಫೋನೆತ್ತಿಕೊಂಡರು.

ಉರುಳೆಗಳ ನಡುವೆ ತೆಳುವಾಗುತ್ತ ಹೋದಂತೆ ಲೋಹದೊಳಗಿನ ಹರಳುಗಳು ಒಂದು ದಿಕ್ಕಿಗೆ ತಿರುಗಿ ನಿಲ್ಲುತ್ತವೆ. ಕುಲುಮೆಯ ಕಾವಿನಲ್ಲಿ ಹುಟ್ಟುವ ಹೊಸ ಹರಳುಗಳ ದಿಕ್ಕೇ ಬೇರೆ. ಎರಡೂ ಹದವಾಗಿ ಬೆರೆತರೆ ಅಂಚು ಸಮ. ಯಾವುದು ಮಿತಿಮೀರಿದರೂ ಕಿವಿ ನಾಲ್ಕೇ, ಏಳುವ ಜಾಗ ಮಾತ್ರ ಬೇರೆ: ಉರುಳಿಸಿದ್ದು ಹೆಚ್ಚಾದರೆ ಉರುಳಿದ ದಿಕ್ಕಿಗೆ ಓರೆಯಾಗಿ, ಕಾವು ಹೆಚ್ಚಾದರೆ ಅದೇ ದಿಕ್ಕಿಗೆ ನೇರವಾಗಿ. ದ್ವಾರಕನಾಥ್ ಕಿವಿ ಎಣಿಸಿದ್ದರೇ ಹೊರತು ಜಾಗ ನೋಡಿರಲಿಲ್ಲ. ಹಾಳೆ ಉರುಳಿದ ದಿಕ್ಕಿನ ಗುರುತಿಗೆಂದು ಅರುಂಧತಿ ತಳದಲ್ಲಿ ಗೀರಿದ್ದ ಬಾಣ ನೆಟ್ಟಗೆ ಒಂದು ಕಿವಿಯನ್ನೇ ತೋರುತ್ತಿತ್ತು. ಕಾವು ಈಗಲೇ ಹೆಚ್ಚಾಗಿದೆ ಎಂದರ್ಥ. ಇನ್ನೂ ಏರಿಸಿದರೆ ಉಳಿದ ಸುರುಳಿಗಳೂ ಗುಜರಿಗೇ.

"ಹಲೋ, ಫರ್ನೇಸ್? ಲಿಸನ್ ಆಹ್..."

ಅರುಂಧತಿಗೆ ಬಾಯಿ ಬರಲಿಲ್ಲ, ಕೈ ಬಂತು. ಬಟ್ಟಲನ್ನು ಬೋರಲು ಹಾಕಿ ಅವರ ಮೂಗಿನ ಕೆಳಗೇ ಹಿಡಿದಳು.

"ಏನಮ್ಮ ಇದು, ಪ್ರಸಾದಾನಾ?" ಎಂದು ರೇಗಿದವರು ಬಾಣ ಕಂಡು ಕೈಚಾಚಿ ಇಸಿದುಕೊಂಡರು. ಬಟ್ಟಲನ್ನು ತಿರುಗಿಸಿದರು, ಮತ್ತೆ ತಿರುಗಿಸಿದರು. "ಅಯ್ಯೋ! ಇದು ಫರ್ನೇಸ್ ಕಿವಿ!" ಆಮೇಲೆ ಫೋನಿಗೆ, "ನೋ, ನೋ, ಡೋಂಟ್ ಟಚ್ ದ ಹೀಟ್ ಲಾ!"

ಫೋನಿಟ್ಟು ಕುರ್ಚಿಯಲ್ಲಿ ಕುಸಿದು ಹಣೆ ಒರೆಸಿಕೊಂಡರು. ಅರುಂಧತಿಗೂ ಆಗಲೇ ಉಸಿರು ಸಲೀಸಾಗಿ ಬಂದದ್ದು.

"ಸದ್ಯ, ಬಚಾವಾದ್ವಿ. ನಿನ್ನೆ ಇದನ್ನ ಪ್ರೆಸ್ ಮಾಡಿದ್ದು ನೀನೇ ಅಲ್ವಾ? ಆಗ್ಲೇ ಹೇಳೋಕೇನಾಗಿತ್ತು?"

ಗಮನಿಸಲಿಲ್ಲ ಎಂದರೆ ಅವರು ನಂಬುತ್ತಿದ್ದರು. ಅವಳು ಮೇಜಿನಂಚನ್ನು ಹಿಡಿದುಕೊಂಡಳು.

"ನಿಮ್ಮನ್ನ ಕಂಡ್ರೆ ಹೆದರಿಕೆ, ಸರ್."