ಬೈಯುವ ಭಾಷೆ

ತರಬೇತಿಗೆ ಬಂದಿದ್ದ ಶಿಕ್ಷಕರಲ್ಲಿ, ದನಿಯಿಂದಲೇ ಗುಡುಗು ಮೇಷ್ಟ್ರೆಂದು ಹೆಸರಾದವರದು ಒಂದೇ ಹಟ: ಗಣಿತಕ್ಕೆ ಪುಸ್ತಕದ ಭಾಷೆಯೇ ಸರಿ, ಮಕ್ಕಳ ಮನೆಮಾತು ತರಗತಿಯ ಹೊಸ್ತಿಲು ದಾಟಕೂಡದು. ತರಬೇತಿ ಕೊಡುತ್ತಿದ್ದ ಮೇಡಂ ಇಂಥ ಗುಡುಗುಗಳನ್ನು ಬೇಕಾದಷ್ಟು ಕಂಡವರು, ವಾದಕ್ಕೆ ಇಳಿಯಲಿಲ್ಲ.

"ಹೋಗ್ಲಿ ಬಿಡಿ ಸರ್. ಹಿಂದಿನ ಬೆಂಚಿನವನು ಗಲಾಟೆ ಮಾಡಿದ್ರೆ ಯಾವ ಭಾಷೇಲಿ ಬೈತೀರಿ?"

"ಅವನ ಮನೆಮಾತಲ್ಲೇ. ಪುಸ್ತಕದ ಭಾಷೇಲಿ ಬೈದ್ರೆ ಅವನಿಗೆ ನಾಟುತ್ತಾ?" ಎಂದುಬಿಟ್ಟರು ಮೇಷ್ಟ್ರು.

ಕೋಣೆಯೆಲ್ಲ ಕಿಸಕ್ಕನೆ ನಕ್ಕಿತು. ತಾವು ತೋಡಿದ ಗುಂಡಿಗೆ ತಾವೇ ಬಿದ್ದದ್ದು ಗೊತ್ತಾಗಿ ಅವರು ಮೀಸೆ ಸವರಿಕೊಂಡರು.

ಮೇಡಂ ಮಾತ್ರ ನಗಲಿಲ್ಲ. ಸೀಮೆಸುಣ್ಣವನ್ನು ಅವರ ಕೈಗಿತ್ತು ಬೋರ್ಡಿನತ್ತ ತೋರಿಸಿದರು.

"ಬನ್ನಿ ಸರ್, ಭಿನ್ನರಾಶೀನೂ ನಾಟೋ ಹಾಗೆ ಹೇಳ್ಕೊಡಿ."