ನೋವು ಹೇಳಿಕೊಂಡರೆ ದೇವರು ಮುನಿಯುತ್ತಾನೆಯೇ?

ಇಸ್ತ್ರಿ ಅಂಗಡಿಯ ಸೊಸೆ ಆ ಬೆಳಿಗ್ಗೆ ಮನೆಯ ಬಟ್ಟೆ ಮಡಚುತ್ತಿದ್ದಳು. ಅತ್ತೆಯ ದಿಂಬಿನ ಚೀಲದ ಮೂಲೆ ಚಿಂದಿಯಾಗಿತ್ತು. ಅತ್ತೆ ಒಳಕೋಣೆಯಲ್ಲಿ ಮಲಗಿದ್ದರು. ಅವರಿಗೆ ಕ್ಯಾನ್ಸರ್. ಅದು ಬೆನ್ನುಮೂಳೆಗೂ ಹಬ್ಬಿದೆ, ವಾಸಿಯಾಗುವುದಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಸೊಸೆ ಚೀಲ ಹಿಡಿದು ಒಳಗೆ ಹೋದಳು. “ಇದೇನು ಅತ್ತೆ?”

“ಇಲಿ ಕಡಿದಿರಬೇಕು ಕಣೇ.”

“ಇಲಿಗೂ ಹಲ್ಲು ಕಟ್ಟಿಸಿದ್ದಾರಾ? ಗುರುತು ನೋಡಿ, ಎಷ್ಟು ಅಗಲ!”

ಅತ್ತೆ ಗೋಡೆಯ ಕಡೆ ತಿರುಗಿದರು. “ಬಾಯಿಂದ ಸದ್ದು ಬರಬಾರದು ಅಂತ ಕಚ್ಕೊಂಡೆ. ನಿನ್ನ ಗಂಡನಿಗೆ ಹೇಳ್ಬೇಡ.”

ಸೊಸೆ ಗಂಡನಿಗೆ ಹೇಳಲಿಲ್ಲ. ಮಧ್ಯಾಹ್ನ ಬಂದ ನರ್ಸಮ್ಮನಿಗೆ ಹೇಳಿದಳು. ಹಾಸಿಗೆ ಹಿಡಿದವರನ್ನು ಮನೆಮನೆಗೆ ಹೋಗಿ ನೋಡುವುದೇ ನರ್ಸಮ್ಮನ ಕೆಲಸ. ಭಾನುವಾರ ಚರ್ಚಿನ ಆರಾಧನೆಯಲ್ಲಿ ಅವರು ಕೂರುತ್ತಿದ್ದದ್ದೂ ಅತ್ತೆಯ ಹಿಂದಿನ ಬೆಂಚಿನಲ್ಲೇ.

“ನೋವು ಎಷ್ಟಿದೆ ಅಮ್ಮ?”

“ದೇವರ ದಯೆ.”

“ದಯೆ ಎಷ್ಟಿದೆ ಅಂತ ಕೇಳ್ಲಿಲ್ಲ. ನೋವು ಎಷ್ಟಿದೆ? ಕೊಟ್ಟ ನೋವಿನ ಮಾತ್ರೆ ಒಂದೂ ನುಂಗಿಲ್ಲವಲ್ಲ!”

“ಸ್ವಾಮಿಗೆ ಮೊಳೆ ಹೊಡೆದ್ರು. ನನಗೆ ಬರೀ ಬೆನ್ನು ನೋವು. ಇಷ್ಟಕ್ಕೇ ಅರಚಿಕೊಂಡ್ರೆ ಆತನಿಗೆ ಯಾವ ಮುಖ ತೋರಿಸ್ಲಿ?”

ನರ್ಸಮ್ಮ ಮಂಚದ ಅಂಚಿನಲ್ಲಿ ಕೂತರು. “ಸ್ವಾಮಿ ಬಾಯಿ ಮುಚ್ಕೊಂಡು ಸಹಿಸಿದ ಅಂತ ನಿಮಗೆ ಯಾರು ಹೇಳಿದ್ದು? ಶಿಲುಬೆ ಮೇಲೆ ಗಟ್ಟಿಯಾಗಿ ಕೂಗಿದ. ನನ್ನನ್ನ ಯಾಕೆ ಬಿಟ್ಟುಬಿಟ್ಟೆ ಅಂತ ತಂದೆಯನ್ನೇ ಕೇಳ್ದ. ಬಾಯಾರಿದೆ ಅಂದ. ಗೆಳೆಯ ಸತ್ತಾಗ ಜನರ ಎದುರೇ ಅತ್ತ. ಆತನಿಗೆ ನಂಬಿಕೆ ಕಮ್ಮಿ ಇತ್ತು ಅಂತೀರಾ?”

“ಶ್! ಹಾಗೆಲ್ಲ ಅನ್ನಬಾರದು.”

“ಮತ್ತೆ ನೀವು ಅತ್ತರೆ ನಿಮಗೆ ನಂಬಿಕೆ ಕಮ್ಮಿ ಅಂತ ಆತ ಯಾಕೆ ಅಂತಾನೆ? ನಮ್ಮ ಮೈಯಂಥ ಮೈ ಹೊತ್ತು ಬಂದವನು. ನೋವು ಅಂದ್ರೆ ಏನು ಅಂತ ಆತನಿಗೆ ನಾವು ವಿವರಿಸಬೇಕಿಲ್ಲ.”

ಅತ್ತೆ ಮೆಲ್ಲಗೆ ಹೇಳಿದರು: “ನೋವು ಜಾಸ್ತಿಯಾದಾಗ ಆತ ಇಲ್ಲೇ, ಪಕ್ಕದಲ್ಲೇ ಇದ್ದಾನೆ ಅನ್ಸುತ್ತೆ. ಮಾತ್ರೆ ನುಂಗಿ ನೋವು ಹೋಯ್ತು ಅನ್ನಿ. ಅದರ ಜೊತೆ ಆತನೂ ಎದ್ದು ಹೋದ್ರೆ?”

ಬಾಗಿಲಲ್ಲಿ ನಿಂತಿದ್ದ ಸೊಸೆ ಒಳಗೆ ಬಂದಳು.

“ಮದುವೆಯಾದ ಹೊಸದರಲ್ಲಿ ನನಗೆ ಟೈಫಾಯ್ಡ್ ಆಗಿತ್ತಲ್ಲ ಅತ್ತೆ. ಅಂಗಡಿ ಮುಚ್ಚಿ ನನ್ನ ಪಕ್ಕ ಕೂತಿದ್ರಿ. ಜ್ವರ ಬಿಟ್ಟ ಮೇಲೆ ಎದ್ದು ಹೋದ್ರಾ?”

“ಹೇಗೆ ಹೋಗ್ಲಿ? ಒಂದು ತುತ್ತು ಇಳೀತಿರಲಿಲ್ಲ ನಿನಗೆ. ತಲೆ ಬಾಚಬೇಕಿತ್ತು.”

“ನೀವು ಜ್ವರ ನೋಡೋಕೆ ಬಂದವರಾಗಿದ್ರೆ ಹೋಗ್ತಿದ್ರಿ. ನನ್ನನ್ನ ನೋಡೋಕೆ ಬಂದಿದ್ರಿ. ದೇವರಿಗೆ ನಿಮ್ಮಷ್ಟೂ ಕರುಳಿಲ್ವಾ?”

ಅತ್ತೆಯ ಕಣ್ಣು ತುಂಬಿತು. “ಇಲ್ಲಿ,” ಎಂದು ಸೊಂಟದ ಮೇಲೆ ಕೈಯಿಟ್ಟು ತೋರಿಸಿದರು. “ಕಾದ ಇಸ್ತ್ರಿಪೆಟ್ಟಿಗೆ ಇಟ್ಟ ಹಾಗೆ. ಮಗ್ಗುಲು ತಿರುಗಿದ್ರೆ ಕಾಲಿಗೂ ಇಳಿಯುತ್ತೆ. ಅಯ್ಯೋ, ತಡೆಯೋಕಾಗಲ್ಲ ತಾಯಿ.” ಸೊಸೆಯ ಕೈ ಹಿಡಿದು ದೊಡ್ಡದಾಗಿಯೇ ಅತ್ತರು.

ನರ್ಸಮ್ಮ ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿದರು. ಔಷಧಿ ಬದಲಾಯಿತು, ಈ ಸಲ ಅತ್ತೆ ನುಂಗಿದರು. ನೋವು ಪೂರ್ತಿ ಹೋಗಲಿಲ್ಲ, ಕಾಯಿಲೆಯೂ ಹೋಗಲಿಲ್ಲ. ಆದರೆ ಅತ್ತೆಗೆ ನಿದ್ದೆ ಬಂತು. ಒಂದು ಸಂಜೆ ಅವರು ಸೊಸೆಯನ್ನು ಕರೆದು ಹೇಳಿದರು: “ಮೊದಲೆಲ್ಲ ಪ್ರಾರ್ಥನೆ ಅಂದ್ರೆ ‘ಸ್ವಾಮೀ’ ಅನ್ನೋದರಲ್ಲೇ ಉಸಿರು ಮುಗೀತಿತ್ತು. ಇವತ್ತು ನಿನಗೋಸ್ಕರ, ನಿನ್ನ ಗಂಡನಿಗೋಸ್ಕರ, ಎದುರುಮನೆ ಜಗಳಗಂಟಿಗೋಸ್ಕರ ಕೂಡ ಬೇಡಿಕೊಂಡೆ. ಆತ ಎಲ್ಲೂ ಹೋಗಿಲ್ಲ ಕಣೇ.”

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಯಾರಾದರೂ ನೋವು ನುಂಗಿಕೊಂಡು ಮಲಗಿದ್ದಾರೆಯೇ? ಎಲ್ಲಿ ನೋವು, ಯಾವಾಗ ಹೆಚ್ಚು ಎಂದು ಕೇಳಿ, ಡಾಕ್ಟರಿಗೆ ತಿಳಿಸಿ. ನೋವು ಏರುವವರೆಗೆ ಕಾಯದೆ ಡಾಕ್ಟರು ಹೇಳಿದ ಹೊತ್ತಿಗೆ ಮಾತ್ರೆ ಕೊಡಿ. ನೀವಾಗಿಯೇ ಹೆಚ್ಚು ಕಡಿಮೆ ಮಾಡಬೇಡಿ. ಮಲಬದ್ಧತೆಯೋ ಅತಿಯಾದ ಮಂಪರೋ ಕಂಡರೆ ತಕ್ಷಣ ಹೇಳಿ. ನರಳುವವರಿಗೆ ‘ನಂಬಿಕೆಯಿಂದ ಸಹಿಸಿಕೊಳ್ಳಿ’ ಎಂದು ಬುದ್ಧಿ ಹೇಳಲು ಹೋಗಬೇಡಿ. ದೇವರು ಆಗಲೇ ಆ ಮಂಚದ ಹತ್ತಿರ ಇದ್ದಾನೆ ಎಂದು ನಂಬುವವರು ನಾವು. ನೀವೂ ಹೋಗಿ ಕೂತುಕೊಳ್ಳಿ.