ಲ್ಯಾಬ್ ಹಿಂದಿನ ಕೋಣೆ

ಹದಿನಾರು ವರ್ಷದಿಂದ ಲಿಫ್ಟ್ ರಿಪೇರಿ ಮಾಡುತ್ತಿದ್ದ ಅವಳನ್ನು ಜೊತೆ ಕೆಲಸದವರು ಹಗ್ಗದಕ್ಕ ಎಂದೇ ಕರೆಯುತ್ತಿದ್ದರು. ಅಕ್ಕನ ಮಗಳು ಓದುವ ಶಾಲೆಯಿಂದ ಪತ್ರ ಬಂದಾಗ ಅದನ್ನು ಎರಡು ಸಲ ಓದಿದಳು. ಡಿಗ್ರಿ ಇಲ್ಲದೆಯೂ ಕೈತುಂಬ ಸಂಬಳ ಬರುವ ಕೆಲಸಗಳ ಬಗ್ಗೆ ಮಕ್ಕಳಿಗೆ ಹೇಳಬೇಕಂತೆ. ರಜೆ ಹಾಕಿ, ಅಂಗಿಗೆ ಇಸ್ತ್ರಿ ಮಾಡಿ, ಲಿಫ್ಟ್ ಎಳೆಯುವ ಉಕ್ಕಿನ ಹಗ್ಗದ ಒಂದು ತುಂಡನ್ನು ಚೀಲಕ್ಕೆ ಹಾಕಿಕೊಂಡು ಹೋದಳು.

ಹಾಲ್ ಬಾಗಿಲಿನ ಬೋರ್ಡಿನಲ್ಲಿ ಡಾಕ್ಟರಿದ್ದರು, ವಕೀಲರಿದ್ದರು, ಎಂಜಿನಿಯರಿದ್ದರು. ಇವಳಿರಲಿಲ್ಲ. ಮೇಷ್ಟ್ರೊಬ್ಬರು ಅವಳನ್ನು ಲ್ಯಾಬ್ ಹಿಂದಿನ ಕೋಣೆಗೆ ಕರೆದೊಯ್ದರು. ಮುರಿದ ಸ್ಟೂಲುಗಳ ನಡುವೆ ಹನ್ನೊಂದು ಮಕ್ಕಳು ಕೂತಿದ್ದರು.

"ಇವರೆಲ್ಲ ಓದಿನಲ್ಲಿ ಅಷ್ಟಕ್ಕಷ್ಟೆ ಮೇಡಂ," ಎಂದರು ಮೇಷ್ಟ್ರು, ದನಿಯನ್ನೂ ತಗ್ಗಿಸದೆ. "ಏನಾದ್ರೂ ಒಂದು ದಾರಿ ತೋರಿಸಿ."

ಅಷ್ಟರಲ್ಲಿ ಅಕ್ಕನ ಮಗಳು ಬಾಗಿಲಲ್ಲಿ ಇಣುಕಿದಳು. ತರಗತಿಗೇ ಮೊದಲಿಗಳು ಅವಳು.

"ನಿನಗ್ಯಾಕಮ್ಮ ಇದು? ಹಾಲ್‌ಗೆ ಹೋಗು," ಎಂದರು ಮೇಷ್ಟ್ರು.

"ಚಿಕ್ಕಮ್ಮನ ಮಾತು ಕೇಳ್ಬೇಕು ಸರ್."

"ಮನೇಲಿ ಕೇಳ್ಕೋ."

ಹುಡುಗಿ ಮುಖ ಸಣ್ಣ ಮಾಡಿಕೊಂಡು ಹೋದಳು. ಹಗ್ಗದಕ್ಕನಿಗೆ ಮೈಯೆಲ್ಲ ಉರಿಯಿತು.

"ಸರ್, ನನ್ನ ಸಂಬಳ ನಿಮ್ಮದಕ್ಕಿಂತ ಜಾಸ್ತೀನೇ ಇರ್ಬೋದು. ಅದನ್ನ ಯಾರೂ ಪುಕ್ಕಟೆ ಕೊಡಲ್ಲ. ನಾಲ್ಕು ವರ್ಷ ಕಲ್ತಿದೀನಿ, ಮೂರು ಪರೀಕ್ಷೆ ಪಾಸಾಗಿದೀನಿ. ನಾನು ಬಿಗಿದ ನಟ್ಟು ಸಡಿಲ ಆದ್ರೆ ಜನ ಸಾಯ್ತಾರೆ. ತಲೆ ಓಡದವರು ಮಾಡೋ ಕೆಲಸ ಅಲ್ಲ ಇದು. ಬರೋವರನ್ನ ಓಡಿಸಿ, ನಿಮಗೆ ಬೇಡವಾದವರನ್ನ ತಂದು ನನ್ನ ಮುಂದೆ ಸುರೀತೀರಲ್ಲ."

ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಒಂದು ದನಿ ಬಂತು. ಜಡೆ ಬಿಚ್ಚಿಕೊಂಡಿದ್ದ ಗಿಡ್ಡ ಹುಡುಗಿ ಎದ್ದು ನಿಂತಿದ್ದಳು.

"ಅಂದ್ರೆ ನಾವು ಇದಕ್ಕೂ ಲಾಯಕ್ಕಿಲ್ಲ ಅಂತೀರಾ?"

ಹಗ್ಗದಕ್ಕ ಹಾಗಲ್ಲ ಎನ್ನಲು ಹೋದಳು. ಆಗಲಿಲ್ಲ. ತಾನು ಅಂದದ್ದು ಅದನ್ನೇ. ಸಿಟ್ಟಿನ ಭರದಲ್ಲಿ ತಾನೂ ಮೇಷ್ಟ್ರ ಪಕ್ಕದಲ್ಲೇ ನಿಂತುಬಿಟ್ಟಿದ್ದಳು.

"ತಪ್ಪು ಮಾತಾಡಿದೆ," ಎಂದಳು. ಚಾಕ್‌ಪೀಸ್ ಎತ್ತಿಕೊಂಡಳು. "ಲಿಫ್ಟಿನ ಡಬ್ಬಿ ಒಂಬೈನೂರು ಕಿಲೋ. ಒಳಗೆ ಎಂಟು ಜನ, ತಲಾ ಎಪ್ಪತ್ತು. ಹಗ್ಗ ಇದರ ಹನ್ನೆರಡು ಪಟ್ಟು ತಡೀಬೇಕು. ಎಷ್ಟು?"

ಗಿಡ್ಡ ಹುಡುಗಿಯೇ ಮೊದಲು ಹೇಳಿದಳು. "ಆರು ಸಾವಿರದ ಏಳುನೂರ ಇಪ್ಪತ್ತು."

"ಡಬ್ಬಿ ಏನು ಗಾಳೀಲಿ ತೇಲುತ್ತಾ?"

ಮಕ್ಕಳು ನಕ್ಕರು. ಹುಡುಗಿ ನಗಲಿಲ್ಲ. ಹಲ್ಲು ಕಚ್ಚಿ ಮತ್ತೆ ಲೆಕ್ಕಕ್ಕೆ ಕೂತಳು. ಎರಡನೇ ಸಲವೂ ತಪ್ಪಾಯಿತು. ಮೂರನೇ ಸಲ ಪುಸ್ತಕ ತಂದು ಮುಂದೆ ಹಿಡಿದಳು: ಹದಿನೇಳು ಸಾವಿರದ ಐನೂರ ಇಪ್ಪತ್ತು.

"ಸರಿ ಇದೆ," ಎಂದಳು ಹಗ್ಗದಕ್ಕ. ಮೇಷ್ಟ್ರು ಕಿಟಕಿಯ ಕಡೆ ನೋಡುತ್ತಿದ್ದರು.

ಹೊರಡುವಾಗ ಹೆಡ್‌ಮಾಸ್ಟರ ಕೋಣೆಗೆ ಹೋಗಿ ನಿಂತೇ ಹೇಳಿದಳು: "ಮುಂದಿನ ವರ್ಷ ಕರೆಯೋದಾದ್ರೆ ಹಾಲ್‌ಗೆ ಕರೀರಿ. ಎಲ್ಲರೂ ಇರಲಿ, ಈ ಹನ್ನೊಂದು ಜನಾನೂ ಸೇರಿ."

"ನೋಡೋಣ," ಎಂದು ಅವರು ನಕ್ಕರು.

ಮುಂದಿನ ವರ್ಷ ಪತ್ರ ಬರಲಿಲ್ಲ. ಆ ಗಿಡ್ಡ ಹುಡುಗಿ ಮಾತ್ರ ಅಕ್ಕನ ಮಗಳಿಂದ ನಂಬರ್ ಇಸ್ಕೊಂಡು ಒಂದು ಭಾನುವಾರ ಫೋನ್ ಮಾಡಿದಳು. ನಮಸ್ಕಾರವಿಲ್ಲ, ಪೀಠಿಕೆಯಿಲ್ಲ. "ಆ ಮೂರು ಪರೀಕ್ಷೇಲಿ ಕಷ್ಟದ್ದು ಯಾವುದು, ಮೊದಲು ಅದನ್ನ ಹೇಳಿ," ಎಂದಳು. ದನಿಯಲ್ಲಿ ಇನ್ನೂ ಸಿಟ್ಟಿತ್ತು.